ಮಲೇರಿಯ ಎಂಬ ಕೆಟ್ಟ ಗಾಳಿ

ನಮ್ಮ ಮನೆಗೆ ನೆಂಟರು ಬಂದಾಗಲೆಲ್ಲ ಈ ಕತೆ ಹೊರಗೆ ಬರುತ್ತದೆ. ಬೆಂಗಳೂರಿನ ಕಾಲೇಜಿನ ಚರ್ಚಾಕೂಟದಲ್ಲಿ ದೊಡ್ಡದೊಡ್ಡವರ ಬಾಯಿ ಮುಚ್ಚಿಸಿ ಬಂದ ಹುಡುಗನನ್ನು, ಅಕ್ಷರ ಬಾರದ ಅವ್ವ ಒಂದೇ ಪ್ರಶ್ನೆಯಲ್ಲಿ ಮಣ್ಣುಮುಕ್ಕಿಸಿದಳಂತೆ. ಚಿಕ್ಕಪ್ಪ ಇದನ್ನು ನನ್ನ ಮುಖವನ್ನೇ ನೋಡುತ್ತಾ ಹೇಳುತ್ತಾರೆ. ನೆಂಟರು ನಗುತ್ತಾರೆ. ಅಕ್ಕ ತವರಿಗೆ ಬಂದಿದ್ದರೆ ತಲೆ ತಗ್ಗಿಸಿ ಒಳಗೆ ಎದ್ದು ಹೋಗುತ್ತಾಳೆ.

ನನ್ನ ತಕರಾರು ಎರಡು. ಒಂದು, ಆ ಹೊತ್ತು ಅಲ್ಲಿದ್ದವರು ಯಾರೂ ನಗಲಿಲ್ಲ. ಚಿಕ್ಕಪ್ಪ ಅಲ್ಲಿರಲೇ ಇಲ್ಲ, ಹೊಳಲ್ಕೆರೆ ಸಂತೆಗೆ ಹೋಗಿದ್ದರು. ಎರಡು, ಕತೆ ನಿಲ್ಲುವ ಜಾಗದಲ್ಲಿ ವಿಷಯ ನಿಲ್ಲಲಿಲ್ಲ. ಅವ್ವ ಗೆದ್ದಳೋ ನಾನು ಗೆದ್ದೆನೋ ನಮ್ಮಿಬ್ಬರಿಗೂ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಅಕ್ಕನೊಬ್ಬಳಿಗೆ.

ಹಿರಿಯೂರಿನ ಆಚೆ ಮಾರಿಕಣಿವೆಯಲ್ಲಿ ಹೊಳೆಗೆ ಅಡ್ಡಗಟ್ಟೆ ಏಳುತ್ತಿದ್ದ ಕಾಲ ಅದು. ಭಾವ ಅಲ್ಲಿ ಕಲ್ಲಿನ ಅಳತೆ ಬರೆದುಕೊಳ್ಳುವ ಗುಮಾಸ್ತರು. ಮಳೆ ನಿಂತ ಮೇಲೆ ಆ ಕಡೆ ಚಳಿಜ್ವರ ಎದ್ದಿತು; ಕೂಲಿಯವರು ಗುಡಿಸಲು ಬಿಟ್ಟು ತಮ್ಮತಮ್ಮ ಊರಿಗೆ ಓಡುತ್ತಿದ್ದರು. ಚೊಚ್ಚಲ ಬಸುರಿಯಾಗಿದ್ದ ಅಕ್ಕನಿಗೂ ಬಂತು. ಭಾವ ಗಾಡಿ ಕಟ್ಟಿಸಿ ಅವಳನ್ನು ದುರ್ಗಕ್ಕೆ, ನಮ್ಮ ಮನೆಗೆ ಕಳಿಸಿದರು.

ದಿನ ಬಿಟ್ಟು ದಿನ, ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಉಗುರು ನೀಲಿಗಟ್ಟಿ ಹಲ್ಲು ಕಟಕಟ ಅನ್ನುತ್ತಿತ್ತು. ಮನೆಯಲ್ಲಿದ್ದ ಕೌದಿ ಕಂಬಳಿ ಎಲ್ಲ ಹೊದಿಸಿ, ಮೇಲಿಂದ ನಾನು ಒತ್ತಿ ಹಿಡಿದರೂ ಮಂಚ ಅಲುಗುತ್ತಿತ್ತು. ಆಮೇಲೆ ಕೆಂಡದಂಥ ಮೈ, ಆಮೇಲೆ ಬೆವರು. ಮಾರನೆಯ ದಿನ ಏನೂ ಆಗದವಳಂತೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ವಾದ ಮಾಡುವವನಿಗೆ ಇದಕ್ಕಿಂತ ಕೆಟ್ಟ ಜ್ವರ ಇಲ್ಲ. ಇವತ್ತು ಯಾರು ಏನು ಮಾಡಿದರೂ ನಾಳೆ ವಾಸಿಯಾದಂತೆ ಕಾಣುತ್ತದೆ. ದಾರ ಕಟ್ಟಿದವರಿಗೂ ಗೆಲುವು, ಸುಮ್ಮನೆ ಕೂತವರಿಗೂ ಗೆಲುವು.

ಅವ್ವ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದ್ದಳು. ಮಠದ ಅಯ್ಯನವರ ಕೈಲಿ ದಾರ ಮಂತ್ರಿಸಿ ತಂದು ಅಕ್ಕನ ರಟ್ಟೆಗೆ ಕಟ್ಟಿದ್ದಳು.

“ಕೆಟ್ಟ ಗಾಳಿ ಸೋಕೈತೆ. ಮಾರಿಕಣಿವೆ ಅಂತ ಹೆಸರು ಸುಮ್ನೆ ಬಂತೇನು?”

“ಗಾಳಿಗೆ ಕೈ ಐತೇನವ್ವ, ಸೋಕಾಕೆ?” ಅಂದೆ.

“ನಿನ್ನ ಬಾಯಿಗೆ ಕೈ ಐತೇನು? ಆದ್ರೂ ಎಲ್ಲರನ್ನೂ ಹೊಡೀತೈತಲ್ಲ, ಹಂಗೆ.”

ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕರೆತಂದೆ. ಮೈಸೂರು ಕಡೆಯ ವಯಸ್ಸಾದವರು, ಮಾತು ಕಮ್ಮಿ. ಅವ್ವ ಚಾಪೆ ಹಾಸಿ “ಕುಂತ್ಕಳ್ರಿ” ಅಂದಳು. ಅವರು ನಾಡಿ ನೋಡಿ, ಎಡಪಕ್ಕೆಯ ಕೆಳಗೆ ಒತ್ತಿ ನೋಡಿ, “ಮಲೇರಿಯ” ಅಂದರು.

“ಕೇಳಿದೆಯಾ? ಗಾಳಿ ಅಲ್ಲ, ಮಲೇರಿಯ!” ಅಂದೆ. ಹೆಸರು ನಮ್ಮ ಕೈಗೆ ಸಿಕ್ಕರೆ ಅರ್ಧ ವಾದ ಗೆದ್ದಂತೆ ಎಂದು ಕೂಟದಲ್ಲಿ ಕಲಿತಿದ್ದೆ.

“ಹಂಗಂದ್ರೇನು ಸ್ವಾಮಿ?” ಅವ್ವ ಡಾಕ್ಟರನ್ನೇ ಕೇಳಿದಳು.

ಅವರು ಒಂದು ಸಲ ನನ್ನ ಮುಖ ನೋಡಿದರು. “ಇಟಲಿಯವರ ಮಾತು ತಾಯಿ. ಕೆಟ್ಟ ಗಾಳಿ ಅಂತ.”

ಚಿಕ್ಕಪ್ಪನ ಕತೆ ಇಲ್ಲಿಗೆ ಮುಗಿಯುತ್ತದೆ. ನಗು ಇಲ್ಲಿಂದ ಶುರು. ಆದರೆ ಅವ್ವನ ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ. “ಹೆಸರು ಒಂದೇ ಆದ್ಮೇಲೆ ಮದ್ದು ಯಾಕೆ ಬೇರೆ?” ಅಂದು ಒಳಗೆ ಹೋದಳು.

ನಾನು ಡಾಕ್ಟರ ಮೇಲೆ ಬಿದ್ದೆ. “ಸೊಳ್ಳೆಯಿಂದ ಬರುತ್ತೆ ಅಂತ ಕಂಡುಹಿಡಿದಿದ್ದಾರಲ್ಲ, ಹೆಸರು ಯಾಕೆ ಬದಲಾಯಿಸಲಿಲ್ಲ?”

“ಹೆಸರಿಟ್ಟವರು ಜೌಗು ನೆಲದ ಹವೆಯಿಂದ ಅಂದುಕೊಂಡಿದ್ದರು. ತಪ್ಪು ಗೊತ್ತಾಯಿತು, ಹೆಸರು ಉಳೀತು. ನೀವು ಬೇಕಾದರೆ ಹೊಸ ಹೆಸರಿಡಿ, ನಾನು ಗುಳಿಗೆ ಕೊಡ್ತೀನಿ.”

ಆ ಸಂಜೆ ಅವರ ವೈದ್ಯನಿಘಂಟನ್ನು ಎರವಲು ತಂದು ಕೂತೆ. ನನಗೆ ಬೇಕಾಗಿದ್ದದ್ದು ನನ್ನ ಪಕ್ಷಕ್ಕೊಂದು ಸಾಕ್ಷಿ. ಸಿಕ್ಕಿದ್ದೆಲ್ಲ ಅವ್ವನ ಪಕ್ಷಕ್ಕೆ. ಇನ್‌ಫ್ಲುಯೆಂಜ ಅಂದರೆ ಪ್ರಭಾವ, ಅದೂ ನಕ್ಷತ್ರಗಳದು. ಕಾಲರಾ ಹುಟ್ಟಿದ್ದು ಪಿತ್ತದ ಹೆಸರಿನಿಂದ. ಹಿಸ್ಟೀರಿಯ ಗರ್ಭಕೋಶದಿಂದ, ಅದು ಮೈಯೊಳಗೆ ಅಲೆದಾಡುತ್ತದೆಂದು ಹಿಂದೆ ನಂಬಿದ್ದರಂತೆ. ಹುಚ್ಚಿಗೆ ಅವರಿಟ್ಟ ಹೆಸರು ಚಂದ್ರನದು. ಯುರೋಪಿನ ವೈದ್ಯವೆಲ್ಲ ನಮ್ಮ ಜೋಯಿಸರ ಪಡಸಾಲೆಯಲ್ಲೇ ಹುಟ್ಟಿದಂತಿತ್ತು. ಕೊನೆಗೆ ಡಾಕ್ಟರು ಕೊಡುತ್ತೇನೆಂದಿದ್ದ ಗುಳಿಗೆಯ ಹೆಸರು, ಕ್ವಿನೈನ್, ನೋಡಿದೆ. ಪೆರು ದೇಶದವರ ಮಾತಿನಲ್ಲಿ ತೊಗಟೆ. ಈ ಹೆಸರಾದರೂ ಸುಳ್ಳು ಹೇಳಿರಲಿಲ್ಲ. ಅದನ್ನೇ ಹಿಡಿದುಕೊಂಡು ಅಡುಗೆಮನೆಗೆ ಹೋದೆ.

“ಮರದ ತೊಗಟೆ ಅವ್ವ, ಅಷ್ಟೇ. ಹೆದರೋದು ಯಾಕೆ?”

“ಹಿತ್ತಲ ಬೇವಿಗೆ ತೊಗಟೆ ಇಲ್ಲವೇನು?” ಅಂದವಳು ಒಲೆಯ ಕಡೆ ತಿರುಗಿಕೊಂಡಳು. ದನಿ ಇಳಿಯಿತು. “ಆ ಕೊಯಿನ ನುಂಗಿದ್ರೆ ಬಸಿರು ಇಳೀತೈತಂತೆ ಕಣಪ್ಪ. ಯಲ್ಲದಕೆರೆಯಾಗೆ ಒಬ್ಬಾಕಿಗೆ ಹಂಗೇ ಆತಂತೆ. ಗಂಡಸಿನ ಮುಂದೆ ಹೆಂಗೆ ಕೇಳಲಿ ಅದನ್ನ?”

ಅಷ್ಟು ಹೊತ್ತು ನಾನು ಗಾಳಿಯ ಜೊತೆ ಗುದ್ದಾಡಿದ್ದೆ. ಅವಳ ನಿಜವಾದ ಆಕ್ಷೇಪ ಹಿಂದೆ ಎಲ್ಲೋ ಕೂತಿತ್ತು. ಡಾಕ್ಟರ ಮನೆಗೆ ಓಡಿದೆ. ಸುಳ್ಳು ಭಯ ಅನ್ನಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಯಾರನ್ನು ಬೇಡಿದೆನೋ ಕಾಣೆ.

“ಸುಳ್ಳಲ್ಲ. ಹೆಚ್ಚಾದರೆ ಅಪಾಯ ಇದೆ, ಸ್ವಲ್ಪಸ್ವಲ್ಪ ಕೊಡೋಣ” ಅಂದರು. “ಆದರೆ ಜ್ವರವನ್ನ ಹೀಗೇ ಬಿಟ್ಟರೂ ಬಸಿರು ಉಳಿಯೋದಿಲ್ಲ. ತಾಯಿ ಕೂಡ...” ಎದ್ದು ಗುಳಿಗೆ ಎಣಿಸತೊಡಗಿದರು.

ಗುಳಿಗೆಯ ಪೊಟ್ಟಣ ತಂದು ಅಕ್ಕನ ಕೈಗಿಟ್ಟೆ. ಅವ್ವ ಅವಳ ಇನ್ನೊಂದು ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು.

“ನನ್ನಾಣೆ ಐತೆ, ಅದನ್ನ ಬಾಯಿಗಿಡಬ್ಯಾಡ.”

ಆಣೆ ಮುರಿದರೆ ಯಾರ ಮೇಲೆ ಆಣೆಯೋ ಅವರ ಜೀವಕ್ಕೆ ಕೇಡು ಎಂದು ನಮ್ಮಲ್ಲಿ ನಂಬುತ್ತಾರೆ. ನಾನು ನಂಬುವವನಲ್ಲ. ಆಣೆ ಪ್ರಮಾಣಗಳ ವಿರುದ್ಧ ನಿಂತಲ್ಲೇ ಭಾಷಣ ಮಾಡಬಲ್ಲೆ. ಆ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಮಾತ್ರ ಇಷ್ಟೇ: “ನನ್ನಾಣೆ ಅಕ್ಕ, ನುಂಗು.”

ಅಕ್ಕ ಇಬ್ಬರನ್ನೂ ನೋಡಿ ಮುಷ್ಟಿ ಬಿಗಿದಳು. “ಇಬ್ಬರೂ ಹೊರಗೆ ಹೋಗ್ರಿ. ನಂಗೆ ನಿದ್ದೆ ಬರ್ತೈತೆ.”

ಪೊಟ್ಟಣ ಖಾಲಿಯಾಯಿತು. ಚಳಿ ಬರಬರುತ್ತಾ ತೆಳುವಾಗಿ ನಿಂತೂಹೋಯಿತು. ಹೆಣ್ಣುಮಗು ಹುಟ್ಟಿತು, ಈಗ ಅಂಗಳದ ತುಂಬ ಓಡಾಡುತ್ತದೆ. ಅವ್ವ ದಾರದಿಂದ ಅನ್ನುತ್ತಾಳೆ, ನಾನು ಗುಳಿಗೆಯಿಂದ ಅನ್ನುತ್ತೇನೆ. ಆದರೆ ನನ್ನ ಪಕ್ಷದ ಬಿರುಕು ನನಗೇ ಕಾಣುತ್ತದೆ. ಪೊಟ್ಟಣ ಖಾಲಿಯಾಗಲು ಗಂಟಲೊಂದೇ ದಾರಿಯಲ್ಲ, ಹಿತ್ತಲೂ ಇದೆ. ಆಗೆಲ್ಲ ಅಕ್ಕನನ್ನು ಕೇಳಿದರೆ “ಮಗು ಬಂತಲ್ಲ, ಸಾಕು ಬಿಡು” ಅನ್ನುತ್ತಿದ್ದಳು.

ಈಗ ಸಾಕಾಗುವುದಿಲ್ಲ. ಈ ಸಲವೂ ಮಳೆ ನಿಂತಿದೆ, ಅಕ್ಕ ಮತ್ತೆ ಬಸುರಿ, ಮತ್ತೆ ಅದೇ ಚಳಿಯಲ್ಲಿ ಅದೇ ಗಾಡಿಯಲ್ಲಿ ಬಂದಿಳಿದಿದ್ದಾಳೆ. ಹಳೆಯ ಡಾಕ್ಟರಿಗೆ ವರ್ಗವಾಗಿದೆ. ನಿನ್ನೆ ಬಂದ ಹೊಸಬರು ಅವಳ ಕಣ್ಣಿನ ರೆಪ್ಪೆ ಮಗುಚಿ ನೋಡಿ, ನನ್ನನ್ನು ಜಗಲಿಗೆ ಕರೆದರು. “ಹೋದ ಸಲ ಕ್ವಿನೈನ್ ತಗೊಂಡೂ ಬಸಿರು ಉಳಿದಿತ್ತಾ? ಉಳಿದಿದ್ದರೆ ಧೈರ್ಯವಾಗಿ ಕೊಡ್ತೀನಿ. ತಗೊಂಡೇ ಇಲ್ಲ ಅಂದರೆ ಬೇರೆ ಯೋಚನೆ ಮಾಡಬೇಕು. ನಾಳಿದ್ದು ಬೆಳಿಗ್ಗೆ ಬರ್ತೀನಿ, ಸರಿಯಾಗಿ ಕೇಳಿಡಿ.”

ಇವತ್ತು ಜ್ವರ ಬಿಟ್ಟ ದಿನ. ನಾಳೆ ಮಧ್ಯಾಹ್ನ ಮತ್ತೆ ಬರುತ್ತದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅವ್ವ ಗೋಡೆಗೆ ಒರಗಿ ಎದೆ ನೀವಿಕೊಳ್ಳುತ್ತಿದ್ದಳು. ಈ ವರ್ಷ ಅವಳಿಗೆ ಎದೆನೋವು ಶುರುವಾಗಿದೆ. ಎದುರಿಗೆ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು. ಅವ್ವನ ಎದೆಯ ಮೇಲಿದ್ದ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡುತ್ತಿತ್ತು.

“ಅಕ್ಕ, ಕೈ ಮುಗಿತೀನಿ. ಅವತ್ತು ನೀನು ಮುರಿದದ್ದು ಯಾರ ಆಣೆ?”