ಅಕ್ಕನ ಕೂಸಿಗೆ ಹಳ್ಳದ ಮಣಿ

ಆಗಿನ್ನೂ ನಮ್ಮ ಮರಳವಾಡಿ ಕಡೆಯ ಹಳ್ಳಕ್ಕೆ ಎರಡು ದಡ ಇದ್ದವು. ಮಳೆ ಬಿದ್ದು ನಿಂತರೆ ಆಚೆ ದಡದ ಮಣ್ಣಿನಿಂದ ಹಳೇ ಕಾಲದ ಮಡಕೆ ಚೂರು, ಅಪರೂಪಕ್ಕೆ ಕೆಂಪು ಕಲ್ಲಿನ ಮಣಿ ಹೊರಗೆ ಬರುತ್ತಿದ್ದವು. ಯಾರ ಕಾಲದವೋ ನಮಗೆ ಗೊತ್ತಿರಲಿಲ್ಲ. ಸಿಕ್ಕ ಮಣಿಯನ್ನು ಎಳೆ ಮಕ್ಕಳ ಉಡಿದಾರಕ್ಕೆ ಪೋಣಿಸುವುದು ನಮ್ಮ ಮನೆಯ ವಾಡಿಕೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ವರ್ಷ ಅಕ್ಕ ಹೆರಿಗೆಗೆ ಬಂದಳು. ಗಂಡು ಕೂಸು. ಅದೇ ತಿಂಗಳು ಫ್ಯಾಕ್ಟರಿ ಜಾಗ ಮಟ್ಟ ಮಾಡಲು ಆ ದಡಕ್ಕೆ ಜೆಸಿಬಿ ಬಂತು.

"ನಿಂಗೆ ಕಟ್ಟಿದ್ದ ಮಣಿನೆಲ್ಲ ಆಟ ಆಡ್ಕಂಡು ಕಳ್ದೆ. ಈ ಕೂಸ್ಗೆ ಒಂದಾದ್ರೂ ತತ್ತಾರ್ಲಾ. ಆ ಮಿಸನ್ನು ಎಲ್ಲಾನೂ ಬಳ್ಕಂಡೋಯ್ತದೆ" ಎಂದಳು ಅಜ್ಜಿ.

ಒಂದು ದಿನವೆಲ್ಲ ಕೈಯಲ್ಲೇ ಕೆದಕಿದೆ. ಬರೀ ಚೂರು. ಮಾರನೆಯ ದಿನ ಒಂದು ಉಪಾಯ ಹೊಳೆಯಿತು. ನಮ್ಮದು ರೇಷ್ಮೆ ಸಾಕುವ ಮನೆ. ಮರಿಹುಳದ ಕಸ ತೆಗೆಯಲು ಹಾಸುವ ನೈಲಾನ್ ಬಲೆ ಹುಳದ ಮನೆಯಲ್ಲಿ ನೇತಾಡುತ್ತಿತ್ತು. ಅದರ ಕಣ್ಣಲ್ಲಿ ರಾಗಿ ಉದುರುತ್ತದೆ, ಅವರೆಕಾಳು ನಿಲ್ಲುತ್ತದೆ. ಮಣಿ ಅವರೆಕಾಳಿನಷ್ಟೇ ದಪ್ಪ. ನಾಲ್ಕು ಮರದ ಪಟ್ಟಿ ಸೇರಿಸಿ ಮೊಳೆಯಿಂದ ಬಲೆ ಹೊಡೆದು, ಮಣ್ಣು ಸುರಿದು, ನೀರು ಹುಯ್ದು ಜಾಲಾಡಿದೆ.

ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದ ಅಪ್ಪ ಅಲ್ಲೇ ನಿಂತ.

"ಲೇ, ಹುಳದ ಬಲೆ ತಗಂಡು ಹಳ್ಳದ ಕೆಸರಿಗೆ ಹಾಕಿದ್ದೀಯಲ್ಲೋ!"

"ತೊಳ್ದು ಅಲ್ಲೇ ನೇತಾಕ್ತೀನಿ ಕಣಪ್ಪ."

"ನೇತಾಕ್ತೀಯಾ? ಹುಳ ಪೊರೆ ಬಿಡಾಕೆ ಜ್ವರಕ್ಕೆ ಕೂತವೆ, ರೋಗ ಹತ್ಲಿ ಅಂತಾನಾ? ಆ ಬಲೆ ಹೊಸ್ಲು ದಾಟಿದ್ರೆ ಕಾಲ್ ಮುರೀತೀನಿ."

ಏಟು ಬೀಳುತ್ತದೆ ಎಂದುಕೊಂಡೆ. ಅಪ್ಪ ನನ್ನ ಜರಡಿಯನ್ನು ತಿರುಗಿಸಿ ನೋಡಿದ. "ಇದೇನ್ಲಾ, ತೊಟ್ಲು ಕಟ್ಟಿದ್ದೀಯ? ಬಲೆ ಬಿಗಿಯಾಗಿರ್ಬೇಕು." ಮೊಳೆ ಕಿತ್ತು, ಬಲೆ ಎಳೆದು ಹೊಡೆದ. ಎರಡೂ ಕಡೆ ಹಿಡಿ ಕೂರಿಸಿದ. "ಎಂಗೂ ಕೆಡಿಸ್ದೆ. ನಾಳೆ ಇಬ್ರೂ ಹೋಗವ."

ಮಾರನೆಯ ದಿನ ಬೆಳಗಿನಿಂದ ಇಬ್ಬರೂ ಅಲ್ಲಾಡಿಸಿದೆವು. ಹಸಿ ಮಣ್ಣಿನ ವಾಸನೆಗೆ ಡೀಸೆಲ್ ವಾಸನೆ ಬೆರೆತಿತ್ತು. ಅವ್ವ ಕಟ್ಟಿಕೊಟ್ಟ ಹುರುಳಿ ಗುಗ್ಗರಿಯನ್ನು ಕೆಸರು ಕೈಯಲ್ಲೇ ತಿಂದೆವು. ಮಧ್ಯಾಹ್ನ ಜೆಸಿಬಿ ಡ್ರೈವರ್ ಕೂಗಿದ: "ಯಜಮಾನ್ರೇ, ಆ ಗುಡ್ಡೆನೂ ತೆಗೀಬೇಕು, ಸರ್ಕೊಳಿ."

"ಒಸಿ ತಡ್ಯಪ್ಪ, ಇನ್ನೆರಡು ಬಾಂಡ್ಲಿ" ಎಂದ ಅಪ್ಪ.

ಕೊನೆಯ ಬಾಂಡ್ಲಿಯಲ್ಲಿ ಮಣಿ ಬಂತು. ಅಪ್ಪ ಅದನ್ನು ಪಂಚೆಗೆ ಒರೆಸಿ ಬಿಸಿಲಿಗೆ ಹಿಡಿದ. ಕೆಂಡದ ಬಣ್ಣ. "ಇದೇ ಕಣ್ಲಾ" ಎಂದು ನನ್ನ ಅಂಗೈಗೆ ಹಾಕಿದ. ನಾವು ಸರಿದೆವು, ಜೆಸಿಬಿ ಮುಂದೆ ಬಂತು.

ಈಗ ಆ ದಡದ ಮೇಲೆ ಫ್ಯಾಕ್ಟರಿ ಕಾಂಪೌಂಡ್ ನಿಂತಿದೆ. ಫ್ಯಾಕ್ಟರಿಯ ಕಿಟಕಿಗಳಿಗೆ ಜಾಲರಿ ಬಡಿದವನು ನಾನೇ. ಒಂದೂ ಸಡಿಲ ಇಲ್ಲ. ಅಪ್ಪ ಹಿಡಿ ಕೂರಿಸಿದ ಜರಡಿ ನನ್ನ ವರ್ಕ್‌ಶಾಪಿನಲ್ಲಿದೆ, ಜಾಲಾಡಲು ಮಣ್ಣಿಲ್ಲ. ನನ್ನ ಮಗಳು ಹುಟ್ಟಿದಾಗ ಅಕ್ಕ ತನ್ನ ಮಗನ ಮಣಿಯನ್ನೇ ಬಿಚ್ಚಿ ತಂದುಕೊಟ್ಟಳು. ಚಿಕ್ಕಂದಿನಲ್ಲಿ ನಾನು ಎಷ್ಟು ಮಣಿ ಕಳೆದರೂ ಯಾರೂ ಹುಡುಕಿರಲಿಲ್ಲ, ಇನ್ನೊಂದು ಕೊಡಲು ಹಳ್ಳ ಇತ್ತು. ಮಗಳಿಗೆ ಸ್ನಾನ ಮಾಡಿಸಿದಾಗಲೆಲ್ಲ ನಾನು ಉಡಿದಾರದ ಗಂಟು ಮುಟ್ಟಿ ನೋಡುತ್ತೇನೆ.