ಹಲಗೂರಿನವರೆಗೆ ಲಸಿಕೆಯ ನಂಬಿಕೆ ಕೇಳುತ್ತಾ

ಸೋಮವಾರ ಬೆಳಿಗ್ಗೆ ಏಳೂವರೆಗೆ ಮಂಡ್ಯ ಬಸ್ ನಿಲ್ದಾಣದಿಂದ ಹೊರಟೆ. ಬ್ಯಾಗಿನಲ್ಲಿ ಎರಡು ಸೀರೆ, ಒಂದು ನೀರಿನ ಬಾಟಲಿ, ನಲವತ್ತು ಪ್ರಶ್ನಾವಳಿಗಳು. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕಸುಬು. ಬ್ಯಾಂಕಿನ ಅರ್ಜಿ, ಔಷಧಿ ಡಬ್ಬಿಯೊಳಗಿನ ಚೀಟಿ, ಏನು ಬಂದರೂ ಮಾಡುತ್ತೇನೆ. ಈ ಸಲ ಬಂದದ್ದು ದೊಡ್ಡ ಕೆಲಸ. ಕೊರೊನಾ ಮುಗಿದ ಮೇಲೆ ಬೇರೆ ಬೇರೆ ದೇಶಗಳ ಜನ ಲಸಿಕೆಯನ್ನು ಎಷ್ಟು ನಂಬುತ್ತಾರೆ ಎಂಬ ಸಮೀಕ್ಷೆ. ಬ್ರೆಜಿಲ್, ಫ್ರಾನ್ಸ್, ನೈಜೀರಿಯಾ, ಜಪಾನಿನಲ್ಲಿ ಕೇಳುವ ಪ್ರಶ್ನೆಗಳನ್ನೇ ನಮ್ಮ ಜಿಲ್ಲೆಯಲ್ಲೂ ಕೇಳಬೇಕಿತ್ತು. ಕನ್ನಡ ಮಾಡಿಕೊಟ್ಟಿದ್ದೆ. ಕೇಳಲು ಹೋಗಬೇಕಾದವರು ಕೊನೆ ಗಳಿಗೆಯಲ್ಲಿ ಕೈಕೊಟ್ಟಾಗ, ಮೂರು ದಿನದ ಮಟ್ಟಿಗೆ ನೀವೇ ಹೋಗಿ ಎಂದರು ಸಮೀಕ್ಷೆಯ ಮೇಲ್ವಿಚಾರಕರು. ಹಲಗೂರಿನವರ ಮಾತು ಫ್ರಾನ್ಸಿನವರ ಮಾತಿನ ಪಕ್ಕದಲ್ಲಿ ಕೂರುತ್ತದೆ ಎಂದು ಹಿಗ್ಗಿ ಒಪ್ಪಿಕೊಂಡೆ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಸೋಮನಹಳ್ಳಿಗೆ ಹೋದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಂದು ಸಣ್ಣ ಕಾರ್ಖಾನೆಯ ಎದುರಿನ ಟೀ ಅಂಗಡಿಯಲ್ಲಿ ಊಟದ ಬಿಡುವಿಗೆ ಬಂದವರನ್ನು ಮಾತಾಡಿಸಿದೆ. ನಾಗರಾಜು ಎಂಬ ನಲವತ್ತರ ಆಸುಪಾಸಿನ ಕಾರ್ಮಿಕ ಬೆಂಚಿನ ಮೇಲೆ ಜಾಗ ಬಿಟ್ಟುಕೊಟ್ಟರು. ಲಸಿಕೆಯ ಮೇಲೆ ನಿಮಗೆ ಎಷ್ಟು ನಂಬಿಕೆ ಎಂದು ಓದಿದೆ.

"ನಂಬ್ಕೆ ಯಾವನ್ ಕೇಳ್ದ ಮೇಡಂ? ಗೇಟಲ್ಲಿ ಸರ್ಟಿಫಿಕೇಟ್ ಕೇಳುದ್ರು. ಇಲ್ದಿದ್ರೆ ಒಳೀಕ್ ಬುಡಲ್ಲ ಅಂದ್ರು. ಆಕಿಸ್ಕೊಂಡೊ."

"ಈಗ ನಂಬಿಕೆ ಇದೆಯೋ?"

"ಅದ್ ನಂಗೇ ಗೊತ್ತಿಲ್ಲ. ಯಾರೂ ಕೇಳಿರ್ಲಿಲ್ಲವಲ್ಲ."

ಸಮೀಕ್ಷೆಯ ನಿಯಮದ ಪ್ರಕಾರ ಎರಡೂ ಡೋಸ್ ಹಾಕಿಸಿಕೊಂಡು ಸ್ಪಷ್ಟವಾಗಿ ಬೇಡ ಎನ್ನದವರನ್ನು 'ನಂಬಿಕೆ ಇದೆ' ಎಂದೇ ಬರೆಯಬೇಕಿತ್ತು. ಬರೆದೆ. ಬರೆಯುವಾಗ ಪೆನ್ನು ಭಾರವಾಯಿತು, ಆದರೂ ಬರೆದೆ.

ಆ ರಾತ್ರಿ ಮದ್ದೂರಿನಲ್ಲಿ ಉಳಿದು ಮರುದಿನ ಭಾರತೀನಗರಕ್ಕೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದರಿಂದ ಅರ್ಧ ಗಂಟೆಯ ದಾರಿಗೆ ಒಂದು ಗಂಟೆ ಹಿಡಿಯಿತು. ಪಟ್ಟಿಯಲ್ಲಿದ್ದ ಮನೆಗಳ ಪೈಕಿ ಒಂದು ನಿವೃತ್ತ ಮೇಷ್ಟರದು. ಒಳಗೆ ಕೂರಿಸಿ ಕಾಫಿ ಕೊಟ್ಟರು. ಪ್ರಶ್ನೆ ಮುಗಿಯುವ ಮೊದಲೇ ಮೊಬೈಲ್ ತೆಗೆದು ವಿಡಿಯೋ ತೋರಿಸತೊಡಗಿದರು.

"ನೋಡೀಮ್ಮಾ, ಅಮೆರಿಕದೋರೇ ಬೇಡ ಅಂತಾವ್ರೆ. ಮಕ್ಕಳಿಗೆ ಹಾಕೋ ಲಸಿಕೆನೂ ಇಷ್ಟೇ. ನಾನು ದಿನಾ ಐದಾರು ಗ್ರೂಪ್‌ಗೆ ಹಾಕ್ತೀನಿ. ಊರಲ್ಲಿ ಸುಮಾರು ಜನ ನಿಲ್ಲಿಸವ್ರೆ."

ಪಕ್ಕದಲ್ಲಿ ಅವರ ಮೊಮ್ಮಗಳು ಆಡುತ್ತಿದ್ದಳು. ಪ್ರಶ್ನಾವಳಿಯಲ್ಲಿತ್ತು, ಕೇಳಿದೆ. ಈ ಮಗುವಿಗೆ ಹಾಕಿಸಿದ್ದೀರಾ?

"ಇವಳಿಗಾ? ಎಲ್ಲಾ ಹಾಕ್ಸಿದೀವಿ. ಮೈಸೂರಲ್ಲಿ, ಪ್ರೈವೇಟಲ್ಲಿ."

ನಾಚಿಕೆಯ ಸುಳಿವೂ ಇರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಬಾಯಿ ಅದು. ಊರಿನವರು ನಂಬುವುದು ಆ ವಿಡಿಯೋವನ್ನಲ್ಲ, ಅದನ್ನು ಕಳಿಸಿದ ಮೇಷ್ಟರನ್ನು. "ಊರ ಮಕ್ಕಳಿಗೆ ಒಂದು, ನಿಮ್ಮ ಮಗುವಿಗೆ ಒಂದಾ ಸಾರ್?" ಎಂದೆ. ಅವರು ಲೋಟ ಎತ್ತಿಕೊಂಡು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ರಾತ್ರಿ ತಂಗಲು ಮಳವಳ್ಳಿಗೆ ಬಂದು, ಹೋಟೆಲಿನಲ್ಲಿ ಮುದ್ದೆ, ಬಸ್ಸಾರು ಮುಂದಿಟ್ಟಾಗಲೂ ನನ್ನ ಕೋಪ ಇಳಿದಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಲಗೂರಿಗೆ ಹೋಗಿ ಅಲ್ಲಿಂದ ಆಟೋದಲ್ಲಿ ಒಂದು ಹಳ್ಳಿಗೆ ಹೋದೆ. ಊರಿನ ಹೆಸರು ಬೇಡ. ಚಿಕ್ಕತಾಯಮ್ಮ ಎಂಬ ಅರವತ್ತರ ಹೆಂಗಸು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಸವಿತಾಳ ತೊಡೆಯ ಮೇಲೆ ಐದು ತಿಂಗಳ ಗಂಡುಮಗು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಾಕಿದ್ದನ್ನು ಬಿಟ್ಟರೆ ಆಮೇಲೆ ಒಂದು ಲಸಿಕೆಯೂ ಬಿದ್ದಿರಲಿಲ್ಲ.

ಯಾಕೆ ಎಂದು ಕೇಳಬೇಕಿತ್ತು. ಉತ್ತರಕ್ಕೆ ನಾಲ್ಕು ಚೌಕಗಳಿದ್ದವು. ಧಾರ್ಮಿಕ ಕಾರಣ, ಗಾಳಿಸುದ್ದಿ, ತಿಳಿವಳಿಕೆಯ ಕೊರತೆ, ಸೂಜಿಯ ಭಯ. ನಾನೇ ಅನುವಾದಿಸಿದ ಮಾತುಗಳು. ಓದಿ ಹೇಳಿದೆ.

ಚಿಕ್ಕತಾಯಮ್ಮ ಸುಲಿಯುವುದನ್ನು ನಿಲ್ಲಿಸಿದರು. "ಕೊರೊನಾ ಟೈಮಲ್ಲಿ ನಮ್ಮ ಯಜಮಾನ್ರು ಎಲ್ಡ್ನೆ ಸೂಜಿ ಆಕಿಸ್ಕೊಂಡ್ ಬಂದ್ರು. ನಾಕ್ನೇ ದಿನ ಒತ್ತಾರೆ ಇಲ್ಲೇ ಕೂತಿದ್ದೋರು ಅಂಗೇ ಒರಗುದ್ರು. ಸೂಜಿಯಿಂದ್ಲೇ ಸತ್ರು ಅಂತ ನಾನ್ ಏಳಿಲ್ಲ ಕಣಮ್ಮ. ಅದುಕ್ಕಾ, ಇನ್ನೇನುಕ್ಕಾ ಅಂತ ಸರ್ಕಾರಿ ಆಸ್ಪತ್ರೆಗ್ ಕೇಳೋಕೋದೆ. ಮೂರ್ ಸಲ ಓದೆ. ಮೊದುಲ್ನೆ ಸಲ ಡಾಕ್ಟ್ರಿಲ್ಲ ಅಂದ್ರು. ಎಲ್ಡ್ನೆ ಸಲ, ನೀನ್ ಇಂಗ್ ಮಾತಾಡುದ್ರೆ ಜನ ಎದ್ರುಕೋತಾರೆ, ಬಾಯ್ ಮುಚ್ಕೊಂಡ್ ಓಗು ಅಂದ್ರು. ಮೂರ್ನೆ ಸಲ ಗೇಟೇ ತಗೀಲಿಲ್ಲ."

ಮಗುವಿನ ಕಡೆ ನೋಡಿದರು. "ಒಂದ್ ಮಾತ್ ಏಳ್ದೆ ಇರೋರ್ ಕೈಗೆ ಇವನ್ನ ಎಂಗಮ್ಮ ಕೊಡ್ಲಿ?"

ಬೆಂಗಳೂರಿನಲ್ಲಿದ್ದ ಮೇಲ್ವಿಚಾರಕರಿಗೆ ಅಲ್ಲಿಂದಲೇ ಫೋನ್ ಮಾಡಿ ಯಾವ ಚೌಕ ತುಂಬಲಿ ಎಂದು ಕೇಳಿದೆ. "ಗಾಳಿಸುದ್ದಿ ಅಂತ ಹಾಕಿ ಮೇಡಂ. ಇಲ್ಲಾ ತಿಳಿವಳಿಕೆಯ ಕೊರತೆ," ಎಂದರು.

ಫೋನ್ ಕೆಳಗಿಟ್ಟೆ. ಗಂಡ ಸತ್ತದ್ದು ಗಾಳಿಸುದ್ದಿಯೇ? ತಿಳಿದುಕೊಳ್ಳಲು ಮೂರು ಸಲ ನಡೆದು ಹೋದವರಿಗೆ ತಿಳಿವಳಿಕೆಯ ಕೊರತೆಯೇ? ಆ ಸಾಲುಗಳನ್ನು ಮೇಜಿನ ಮುಂದೆ ಕೂತು ಕನ್ನಡಕ್ಕೆ ತಂದಾಗ ನನಗೂ ಏನೂ ತೋಚಿರಲಿಲ್ಲ. ಕೋಪದಲ್ಲಿ ಒಂದು ಪಾಲು ನನ್ನ ಮೇಲೂ ಇತ್ತು. ಚೌಕಗಳನ್ನು ಖಾಲಿ ಬಿಟ್ಟು, ಹಾಳೆಯ ಹಿಂದೆ ಅವರ ಮಾತನ್ನು ಅವರು ಹೇಳಿದ ಹಾಗೆಯೇ ಬರೆದೆ.

"ಮಳವಳ್ಳಿಯಲ್ಲಿ ನನಗೆ ಪರಿಚಯದ ಮಕ್ಕಳ ಡಾಕ್ಟರು ಒಬ್ಬರಿದ್ದಾರೆ. ಕೇಳೋಣ, ಬರ್ತೀರಾ? ಸೂಜಿ ಹಾಕಿಸಲೇಬೇಕು ಅಂತ ಇಲ್ಲ," ಎಂದೆ. ಅತ್ತೆ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಸವಿತಾ ಎದ್ದು, "ಓಗ್ಬರಾನ ಅತ್ತೆ. ನಂಗೂ ಕೇಳ್ಬೇಕು," ಎಂದಳು.

ಚಿಕ್ಕತಾಯಮ್ಮ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದುಕೊಂಡರು. ಹಲಗೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ನಿಂತೇ ಬಂದೆವು. ಮಗುವಿದ್ದ ಸವಿತಾಳಿಗೆ ಮಾತ್ರ ಸೀಟು ಸಿಕ್ಕಿತು.

ಡಾಕ್ಟರು ಐವತ್ತು ದಾಟಿದ ಹೆಂಗಸು. ಕವರಿನಲ್ಲಿ ಲಸಿಕೆಯ ಸರ್ಟಿಫಿಕೇಟಿನ ಜೊತೆ, ಗಂಡ ಸಾಯುವುದಕ್ಕೆ ಎರಡು ವಾರ ಮೊದಲು ಎದೆನೋವೆಂದು ತೆಗೆಸಿದ್ದ ಇಸಿಜಿಯ ಕಾಗದವಿತ್ತು. ಅಕ್ಷರ ಮಾಸಿತ್ತು. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಅಮ್ಮಾ, ಇವರಿಗೆ ಹೃದಯದ ತೊಂದರೆ ಮೊದಲೇ ಇತ್ತು ಅಂತ ಕಾಣುತ್ತೆ. ಅದರಿಂದಲೇ ಹೋಗಿರಬಹುದು. ಸೂಜಿಗೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ ಅಂತ ಈಗ ಖಂಡಿತವಾಗಿ ಹೇಳೋಕೆ ನನಗಾಗಲ್ಲ. ಅವತ್ತೇ ತನಿಖೆ ಮಾಡಬೇಕಿತ್ತು. ಮಾಡಲಿಲ್ಲ. ಅದು ನಮ್ಮವರ ತಪ್ಪು."

ಚಿಕ್ಕತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಡಾಕ್ಟರು ಕುರ್ಚಿಯನ್ನು ಸವಿತಾಳ ಹತ್ತಿರಕ್ಕೆ ಎಳೆದುಕೊಂಡರು. ಮಗುವಿನದು ಬೇರೆಯೇ ಲಸಿಕೆ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನಂಥ ಕಾಯಿಲೆಗಳಿಗೆ ಎಂದು ಬಿಡಿಸಿ ಹೇಳಿದರು. ಸಂಜೆಗೆ ಜ್ವರ ಬರಬಹುದು, ತೊಡೆ ಊದಬಹುದು, ಇಷ್ಟು ಡ್ರಾಪ್ಸ್ ಹಾಕಿ, ಎರಡು ದಿನಕ್ಕಿಂತ ಹೆಚ್ಚಾದರೆ ಬನ್ನಿ ಎಂದು ತಮ್ಮ ನಂಬರನ್ನೂ ಬರೆದುಕೊಟ್ಟರು. ಎಲ್ಲಾ ಸೇರಿ ಹತ್ತು ನಿಮಿಷ ಆಗಿರಬಹುದು.

ಸವಿತಾ ಅತ್ತೆಯ ಮುಖ ನೋಡಿದಳು. "ಆಕಿಸು," ಎಂದರು ಚಿಕ್ಕತಾಯಮ್ಮ.

ಅವರನ್ನು ಹಲಗೂರಿನ ಬಸ್ಸು ಹತ್ತಿಸಿ ನಿಂತಿದ್ದಾಗ ಮೇಲ್ವಿಚಾರಕರ ಫೋನು ಬಂತು. ಫೋಟೋ ತೆಗೆದು ಕಳಿಸಿದ್ದ ಹಾಳೆ ಅವರಿಗೆ ತಲುಪಿತ್ತು. "ಚೌಕ ಖಾಲಿ ಇದ್ದರೆ ನಡೆಯಲ್ಲ. ಇದನ್ನು ಬಿಟ್ಟು ಬದಲಿಗೆ ಇನ್ನೊಂದು ಮನೆ ಮಾಡಿ."

"ಈ ಮನೆಗೆ ಬದಲಿ ಇಲ್ಲ," ಎಂದೆ. ನನ್ನ ದನಿಗೆ ಮಳವಳ್ಳಿ ಬಸ್ ನಿಲ್ದಾಣದಲ್ಲಿದ್ದವರು ತಿರುಗಿ ನೋಡಿದರು. "ಇಲ್ಲೇ ಹೀಗಾದರೆ ಬ್ರೆಜಿಲ್ಲಿನಲ್ಲಿ, ನೈಜೀರಿಯಾದಲ್ಲಿ ಎಷ್ಟು ಜನರನ್ನು ಈ ನಾಲ್ಕು ಚೌಕದೊಳಗೆ ತುರುಕಿದ್ದೀರಿ?" ನಾನು ಇನ್ನೊಂದು ಮನೆ ಮಾಡಲಿಲ್ಲ.

ಮದ್ದೂರಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದಾಗ ಸವಿತಾಳ ಫೋನು ಬಂತು. "ಅಕ್ಕಾ, ಮಗ ಮೈ ಬಿಸಿ ಆಗವ್ನೆ. ಡಾಕ್ಟ್ರು ಏಳಿದ್ರಲ್ಲ, ಅದೇಯ. ಡ್ರಾಪ್ಸ್ ಆಕಿವ್ನಿ."

ಭಯವಾಗುತ್ತಿದೆಯಾ ಎಂದು ಕೇಳಿದೆ. ಫೋನನ್ನು ಚಿಕ್ಕತಾಯಮ್ಮ ಇಸಿದುಕೊಂಡರು.

"ಯಾಕಮ್ಮ ಭಯ? ಬತ್ತದೆ ಅಂತ ಮೊದ್ಲೇ ಏಳವ್ರಲ್ಲ." ನರಳಿದ ಮಗುವನ್ನು ಅವರು ತಟ್ಟುವುದು ಕೇಳಿಸಿತು. "ಅವತ್ತೂ ಯಾರಾರ ಒಬ್ರು ಇಂಗೇ ಕುಂತ್ಕೊಂಡ್ ಏಳ್ಬೌದಿತ್ತು ಅಲ್ವಾ?"

ಉತ್ತರಕ್ಕೆ ಕಾಯದೆ ಫೋನ್ ಇಟ್ಟರು. ಮಂಡ್ಯದ ಬಸ್ಸು ಬಂದು ನಿಂತಿತು. ಹತ್ತಿದೆ.