ಮಿಲ್ಲಿಯ ಅಕಾರ್ಡಿಯನ್ ಯಾರದು

ಸ್ಟಾನ್ ಜುಪಾಂಚಿಚ್ ನಲವತ್ತು ವರ್ಷ ಹೆಂಡತಿ ಮಿಲ್ಲಿಯ ಅಕಾರ್ಡಿಯನ್ ಹೊತ್ತ. ಯೂಕ್ಲಿಡ್ ಊರಿಗೆ ವಲಸೆ ಬಂದ ಸ್ಲೊವೇನಿಯನ್ನರ ಸಭಾಭವನಕ್ಕೆ ಪ್ರತಿ ಭಾನುವಾರ ಒಯ್ಯುವುದು, ಮಿಲ್ಲಿ ಪೋಲ್ಕಾ ಕುಣಿತದ ಹಾಡು ನುಡಿಸಿ ಮುಗಿಸುವ ತನಕ ಹಿಂದಿನ ಸಾಲಿನಲ್ಲಿ ಬಿಯರ್ ಹಿಡಿದು ಕೂರುವುದು, ಮತ್ತೆ ಹೊತ್ತು ತರುವುದು. ಒಂದು ಗುಂಡಿಯನ್ನೂ ಒತ್ತಿದವನಲ್ಲ. ಅದು ಮಾವ ತನ್ನ ಮಗಳಿಗೆಂದೇ ಕೊಟ್ಟದ್ದು. ಮದುವೆಯ ದಿನವೇ ಆತ ಅಳಿಯನಿಗೆ ಹೇಳಿದ್ದ: "ನುಡಿಸೋಳು ಅವಳು. ಬೀಳಿಸದೆ ಹೊತ್ರೆ ಸಾಕು ನೀನು."

ಸ್ಟಾನ್ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು, ಅವನ ಎದೆ ಕೊಯ್ದು ಆಪರೇಷನ್ ಮಾಡಿದರು, ಆಸ್ಪತ್ರೆಯ ಬಿಲ್ಲು ಇಬ್ಬರನ್ನೂ ಮುಳುಗಿಸಿತು. ಗಂಡ ಹೆಂಡತಿ ಜಂಟಿಯಾಗಿ ದಿವಾಳಿ ಅರ್ಜಿ ಹಾಕಿದರು. ದಿವಾಳಿಯಾದವರ ಆಸ್ತಿ ಮಾರಿ ಸಾಲ ತೀರಿಸುತ್ತಾರೆ. ಮನೆಯ ಸಾಮಾನಿನಲ್ಲಿ ಇಂತಿಷ್ಟು ಬೆಲೆಯದನ್ನು ಉಳಿಸಿಕೊಳ್ಳಲು ಇಬ್ಬರಿಗೂ ಬೇರೆ ಬೇರೆ ವಿನಾಯಿತಿ ಉಂಟು; ಆದರೆ ತನ್ನದಲ್ಲದ ವಸ್ತುವಿಗೆ ಕೇಳುವಂತಿಲ್ಲ. ಸೋಫಾ, ಹೊಲಿಗೆ ಯಂತ್ರ ಎಲ್ಲ ಹಳೇ ಸಾಮಾನಿನ ಬೆಲೆಗೆ ಪಾರಾದವು. ಕೈಯಲ್ಲಿ ಮಾಡಿದ ಅಕಾರ್ಡಿಯನ್ ಮಾತ್ರ ದುಬಾರಿ. ಇಬ್ಬರ ವಿನಾಯಿತಿ ಸೇರಿದರೆ ಉಳಿಯುತ್ತದೆ, ಒಬ್ಬರದೇ ಆದರೆ ಮಾರಾಟ. ಯಾವುದು ಯಾರದೆಂಬ ಪಟ್ಟಿ ಬರೆದವಳು ಮಿಲ್ಲಿ. ಸುಸ್ತಾಗಿದ್ದ ಸ್ಟಾನ್ ಓದುವ ಗೋಜಿಗೆ ಹೋಗದೆ ಸಹಿ ಹಾಕಿದ.

ಕ್ಲೀವ್‌ಲ್ಯಾಂಡಿನ ಸರ್ಕಾರಿ ಕಟ್ಟಡದಲ್ಲಿ ಇಬ್ಬರೂ ಕೈಯೆತ್ತಿ ಪ್ರಮಾಣ ಮಾಡಿದರು. ಆಸ್ತಿ ವಿಚಾರಿಸುವ ಟ್ರಸ್ಟಿ ಹಾಳೆ ತಿರುವಿದ.

"ಅಕಾರ್ಡಿಯನ್ ಇಬ್ಬರದೂ ಅಂತಿದೆ. ನಿಮ್ಮದೂ ಹೌದಾ ಸರ್?"

ಸ್ಟಾನ್ ಪಟ್ಟಿಯತ್ತ ಬಗ್ಗಿ ನೋಡಿದ. ಉಳಿಸಿಕೊಳ್ಳುವ ಆಸೆಗೆ ಇವಳು ಸುಳ್ಳು ಬರೆದುಬಿಟ್ಟಿದ್ದಾಳೆ ಎಂದುಕೊಂಡ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಪುಣ್ಯಾತ್ಮನಿಗೆ ಜೀವಮಾನದಲ್ಲಿ ಅಷ್ಟು ಸುಲಭದ ಕೆಲಸ ಯಾವುದೂ ಸಿಕ್ಕಿರಲಿಲ್ಲ.

"ಇಲ್ಲ. ಅದು ಅವಳದು. ಅವರಪ್ಪ ಕೊಟ್ಟಿದ್ದು. ನಾನು ಬರೀ ಹೊರೋನು."

"ಹೌದಾ ಮೇಡಂ? ಇವರಿಗೆ ಯಾವತ್ತಾದ್ರೂ ಅರ್ಧ ಕೊಟ್ಟಿದ್ರಾ?"

ಮಿಲ್ಲಿ ಗಂಡನ ಮುಖ ನೋಡಿದಳು. "ಬಾಯಿಬಿಟ್ಟು ಹೇಳಿಲ್ಲ."

ಟ್ರಸ್ಟಿ ಒಂದು ಗೆರೆ ಎಳೆದ. "ಹಾಗಾದ್ರೆ ನಿಮ್ಮೊಬ್ಬರ ವಿನಾಯಿತಿ ಅಷ್ಟೇ. ಮಾರಿದ್ಮೇಲೆ ಅಷ್ಟು ದುಡ್ಡು ನಿಮಗೆ ಬರತ್ತೆ, ಮಿಕ್ಕಿದ್ದು ಸಾಲ ಕೊಟ್ಟೋರಿಗೆ."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಸಿದು ಕೂತರು.

"ಸುಳ್ಳು ಹೇಳಿದ್ರೆ ಜೈಲು ಕಣೇ," ಎಂದ ಸ್ಟಾನ್. "ನಿನ್ನ ಒಳ್ಳೇದಕ್ಕೇ ಹೇಳಿದೆ."

ಮಿಲ್ಲಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ಇರಲಿಲ್ಲ. "ಸುಳ್ಳು ಅಂತ ಯಾರು ಹೇಳಿದ್ರು ನಿಂಗೆ? ನಂಗಿಂತ ಜಾಸ್ತಿ ಅದನ್ನ ಎತ್ತಿ ಇಳಿಸಿದೋನು ನೀನು. ಅರ್ಧ ನಿಂದು ಅಂತ ನನ್ನ ಮನಸ್ಸಲ್ಲಿ ಯಾವತ್ತೋ ಆಗೋಗಿತ್ತು. ನಿಂಗೂ ಗೊತ್ತು ಅಂತ್ಲೇ ತಿಳ್ಕೊಂಡಿದ್ದೆ."

ಇಷ್ಟು ವರ್ಷ ತನ್ನದೇ ಆಗಿದ್ದನ್ನು ತಾನೇ ಬೇಡವೆಂದು ಬಂದೆನಲ್ಲ ಎಂದು ಸ್ಟಾನ್‌ಗೆ ಆಗ ಹೊಳೆಯಿತು. ಹೇಳಿದ್ದನ್ನು ತಿದ್ದಿಸಲೆಂದು ಎದ್ದು ಬಾಗಿಲ ತನಕ ಹೋದ. ಒಳಗೆ ಆಗಲೇ ಬೇರೆ ಯಾರೋ ಗಂಡ ಹೆಂಡತಿ ಕೈಯೆತ್ತಿ ನಿಂತಿದ್ದರು.